ಗುಳಿಗಿಗೆ ಮೊದಲು ಬಾಯಿ ತೋರಿಸಿ

ಜಮಖಂಡಿ, ಮುಧೋಳ, ಬೀಳಗಿಯ ರೈತರಿಗೆ ಕೂಳೆ ಕಬ್ಬಿನ ಗುಣ ಹೇಳಿಕೊಡಬೇಕಿಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದರೂ ಬುಡ ನೆಲದಲ್ಲಿದ್ದರೆ ಮತ್ತೆ ಚಿಗುರುತ್ತದೆ. ಒಸಡಿನ ರೋಗವೂ ಹಾಗೆಯೇ.

ಒಸಡು ಬಾತು, ಕೀವು ಸೋರಿ, ಹಲ್ಲು ಅಲುಗಾಡತೊಡಗಿದರೆ ನಮ್ಮ ಜನ ಮೊದಲು ಹೋಗುವುದು ಔಷಧದ ಅಂಗಡಿಗೆ. ‘ಹಲ್ಲಿಗೊಂದ್ ಗುಳಿಗಿ ಕೊಡ್ರಿ’ ಎಂದು ಅಮಾಕ್ಸಿಸಿಲಿನ್ನೋ ಮೆಟ್ರೊನಿಡಜೋಲೋ, ಇಂಥ ಆಂಟಿಬಯೋಟಿಕ್ ಗುಳಿಗಿಯನ್ನು ಎರಡು ದಿನಕ್ಕಾಗುವಷ್ಟು ತರುತ್ತಾರೆ. ದಂತವೈದ್ಯರ ಬಳಿ ಹೋಗಲೆಂದು ರಬಕವಿ-ಬನಹಟ್ಟಿಯ ನೇಕಾರನ ಮಗ್ಗ ನಿಂತರೆ ಆ ದಿನದ ಕೂಲಿಯೂ ನಿಂತಿತು. ಕಬ್ಬು ಕಡಿಯುವವರ ಪಾಡೂ ಅದೇ. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಆ ಗುಳಿಗಿ ಅವರ ಹಲ್ಲು ಉಳಿಸುವುದಿಲ್ಲ.

ಒಸಡಿನ ಕೆಳಗೆ, ಹಲ್ಲಿನ ಬೇರಿಗೆ ಕಟ್ಟಿದ ಕಿಟ್ಟದ ಮೇಲೆ ರೋಗಾಣುಗಳು ಪದರ ಪದರವಾಗಿ ಅಂಟಿರುತ್ತವೆ. ಆ ಪದರದೊಳಕ್ಕೆ ಔಷಧ ಸರಿಯಾಗಿ ಇಳಿಯದು. ಬಾವು ಇಳಿದೀತು, ನೋವು ತಗ್ಗೀತು. ಒಳಗೆ ದವಡೆಯ ಎಲುಬು ಕರಗುತ್ತಲೇ ಇರುತ್ತದೆ. ದಂತವೈದ್ಯರು ಬೇರಿನವರೆಗೆ ಕಿಟ್ಟ ಕೆರೆದು ತೆಗೆಯುವುದೇ ಮುಖ್ಯ ಚಿಕಿತ್ಸೆ. 2020ರ ಯುರೋಪಿನ ಒಸಡು ತಜ್ಞರ ಮಾರ್ಗಸೂಚಿಯೂ ಎಲ್ಲರಿಗೂ ಆಂಟಿಬಯೋಟಿಕ್ ಬೇಡ ಎನ್ನುತ್ತದೆ. ಚಿಕ್ಕ ವಯಸ್ಸಿನಲ್ಲೇ ಬಾಯಿತುಂಬ ರೋಗ ಬಲಿತಂಥ ಕೆಲವರಿಗೆ, ಅದೂ ಸ್ವಚ್ಛಗೊಳಿಸುವುದರ ಜೊತೆಗೆ, ವೈದ್ಯರು ಅದನ್ನು ಬರೆದುಕೊಡಬಹುದು.

‘ಕ್ಲೀನ್ ಮಾಡಿಸಿದ್ರ ಹಲ್ಲು ಸಡಲ ಆಗ್ತಾವ’ ಎಂಬ ಅಂಜಿಕೆ ಹಲವರಿಗಿದೆ. ರೋಗ ಮೊದಲೇ ಸಡಿಲ ಮಾಡಿದ ಹಲ್ಲನ್ನು ಕಿಟ್ಟ ಹಿಡಿದುಕೊಂಡಿರುತ್ತದೆ. ಅದು ಹೋದಾಗ ಸಡಿಲು ಗೊತ್ತಾಗುತ್ತದೆ, ಅಷ್ಟೇ. ತಂಬಾಕು, ಗುಟ್ಕಾ ಬಿಡದೆ, ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಒಸಡು ವಾಸಿಯಾಗುವುದೂ ಕಷ್ಟ.

ಅರೆಬರೆ ಗುಳಿಗಿಯಿಂದ ಇನ್ನೊಂದು ಅಪಾಯವೂ ಇದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸುವಾಗಲೇ, ಸಾಲದಷ್ಟು ಔಷಧ ನುಂಗಿದರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಇಂದು ಹಲ್ಲುನೋವಿಗೆ ಮನಬಂದಂತೆ ನುಂಗಿದ ಗುಳಿಗಿ, ನಾಳೆ ಮನೆಯ ಕೂಸಿಗೆ ನ್ಯುಮೋನಿಯಾ ಬಂದಾಗ ಕೈಕೊಡಬಹುದು.

ಅಂಗಡಿಯವರು ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬಾರದು. ಕಾನೂನೂ ಅದನ್ನೇ ಹೇಳುತ್ತದೆ. ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಸಕ್ಕರೆ ಕಾರ್ಖಾನೆಗಳು, ನೇಕಾರರ ಸಂಘಗಳು ಬಾಗಲಕೋಟೆಯ ದಂತ ವೈದ್ಯಕೀಯ ಕಾಲೇಜಿನವರನ್ನು ಕರೆಸಿ ದುಡಿಯುವವರ ಬಳಿಯೇ ಶಿಬಿರ ನಡೆಸಲಿ. ಓದುಗರೇ, ಹಲ್ಲುಜ್ಜುವಾಗ ರಕ್ತ ಕಂಡರೆ ಅಂದೇ ದಂತವೈದ್ಯರಿಗೆ ಬಾಯಿ ತೋರಿಸಿ. ಬುಡ ಸ್ವಚ್ಛವಾಗದೆ ಹಲ್ಲು ಉಳಿಯದು.