ಮಸಿಯೋ, ಪುಡಿಯೋ?

ಮೂರು ವರ್ಷಗಳ ಹಿಂದಿನ ಮಾತು. ಡಾಕ್ಟರೇಟ್ ಪದವಿಗಾಗಿ ಬರೆದ ಮಹಾಪ್ರಬಂಧವನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಲು ನನಗೆ ಇನ್ನು ಒಂದೇ ದಿನ ಉಳಿದಿತ್ತು. ಬರಹದ ಭಾಗವೆಲ್ಲ ಅಚ್ಚಾಗಿ ಬೈಂಡಿಂಗ್ ಅಂಗಡಿಯನ್ನು ಸೇರಿತ್ತು. ಓಲೆಗರಿಗಳ ವರ್ಣಚಿತ್ರವಿದ್ದ 24 ಪುಟಗಳನ್ನು ಮಾತ್ರ, ಮನೆಯಲ್ಲಿಯೇ ಇಂಕ್‌ಜೆಟ್ ಯಂತ್ರವಿರುವಾಗ ಹೊರಗೆ ಹಣ ತೆರುವುದೇಕೆಂದು ಉಳಿಸಿಕೊಂಡಿದ್ದೆ. ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಊರಿನಲ್ಲಿದ್ದು ಹಿಂದಿರುಗಿದವನು, ಆ ರಾತ್ರಿ ಊಟ ಮುಗಿಸಿ ಯಂತ್ರದ ಗುಂಡಿಯನ್ನೊತ್ತಿದೆ. ಗುರುಗುಟ್ಟುತ್ತ ಹಾಳೆ ಹೊರಗೆ ಬಂದಿತು. ನೋಡುತ್ತೇನೆ, ಓಲೆಗರಿ ಹಸುರಾಗಿದೆ! ಕಾಲದ ಹೊಗೆಗೆ ಕಂದಿದ ಪುರಾತನ ಗರಿ, ಆಗತಾನೆ ತಾಳೆಯ ಮರದಿಂದ ಕೊಯ್ದು ತಂದಂತೆ ನಳನಳಿಸುತ್ತಿದೆ.

ಕೆಂಪು ಮಸಿ ಹೊಮ್ಮುವ ರಂಧ್ರಗಳು ಒಣಗಿ ಕಟ್ಟಿಕೊಂಡಿದ್ದವು. ಯಂತ್ರಕ್ಕೆ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ವಿದ್ಯೆಯೊಂದು ಗೊತ್ತು. ಮಸಿಯನ್ನು ರಭಸದಿಂದ ಎಳೆದು ಚೆಲ್ಲುವುದೇ ಆ ವಿದ್ಯೆ. ಮೂರು ಬಾರಿ ಶುಚಿಯಾಯಿತು. ಕೆಂಪು ಬರಲಿಲ್ಲ, ಇದ್ದ ಹಳದಿಯೂ ತೀರಿಹೋಯಿತು.

"ಇನ್ನು ನೀಲಿ ಗರಿ ಬರುತ್ತದೆಯೇನು?" ಎಂದು ಕೇಳಿ ನನ್ನಾಕೆ ದೀಪವಾರಿಸಿ ಮಲಗಿದಳು.

ಮರುದಿನ ಜೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದೆ. ಐದು ಪ್ರತಿಗಳಿಗೆ 120 ಹಾಳೆ. ಅಲ್ಲಿಯ ಕಲರ್ ಲೇಸರ್ ಯಂತ್ರ ಅವನ್ನು ಕಾಲು ಗಂಟೆಯೊಳಗೆ ಮುಗಿಸಿ ಕೊಟ್ಟಿತು. ಬೈಂಡಿಂಗಿನವರನ್ನು ಕಾಡಿ ಬೇಡಿ, ಅಂಟು ಆರುವುದಕ್ಕೂ ಬಿಡದೆ, ಕಚೇರಿ ಮುಚ್ಚುವ ವೇಳೆಗೆ ಹೊತ್ತುಕೊಂಡು ಓಡಿದೆ. ಆರು ವರ್ಷಗಳ ದುಡಿಮೆ ಒಣಗಿದ ಒಂದು ಹನಿ ಮಸಿಯ ದೆಸೆಯಿಂದ ಮಣ್ಣುಪಾಲಾಗುವುದರಲ್ಲಿತ್ತು.

ಈ ಕಥೆಯನ್ನು ಈಗ ತೆಗೆದುದಕ್ಕೆ ಕಾರಣವುಂಟು. ಇತಿಹಾಸ ವಿಭಾಗದ ಮಿತ್ರರೊಬ್ಬರು ಮೊನ್ನೆ ಮನೆಗೆ ಬಂದರು. "ಸಾರ್, ಬಣ್ಣದ ಪ್ರಿಂಟರ್ ಒಂದು ಕೊಳ್ಳಬೇಕು. ಲೇಸರ್ ಕೊಳ್ಳಲೋ, ಇಂಕ್‌ಜೆಟ್ ಕೊಳ್ಳಲೋ? ನೀವು ಪೆಟ್ಟು ತಿಂದವರು, ಹೇಳಿ" ಎಂದರು. ಪೆಟ್ಟು ತಿಂದವನಿಗಿಂತ ದೊಡ್ಡ ಪಂಡಿತನಿಲ್ಲವಷ್ಟೆ. ಕಾಫಿ ಬರುವಷ್ಟರಲ್ಲಿ ಉಪನ್ಯಾಸವನ್ನಾರಂಭಿಸಿದೆ.

ಇಂಕ್‌ಜೆಟ್ಟಿನ ಮೂಲದಲ್ಲಿ ಒಂದು ಆಕಸ್ಮಿಕವಿದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಮಸಿ ತುಂಬಿದ್ದ ಪಿಚಕಾರಿಯ ಸೂಜಿಗೆ ಬಿಸಿಯಾದ ಬೆಸುಗೆಯ ಕಡ್ಡಿಯೊಂದು ತಗುಲಿತಂತೆ. ಸೂಜಿಯ ತುದಿಯಿಂದ ಮಸಿ ಚಿಮ್ಮಿತು. ಮಸಿಯನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆಯೆಬ್ಬಿಸಿ, ಹನಿಯನ್ನು ಕಾಗದಕ್ಕೆ ತೂರುವ ಒಂದು ಬಗೆಯ ಯಂತ್ರ ಹುಟ್ಟಿದ್ದು ಹೀಗೆ. ಕಾಯಿಸದೆ, ವಿದ್ಯುತ್ತಿಗೆ ಮಿಡಿಯುವ ಹರಳಿನಿಂದ ಒತ್ತಿ ತೂರುವ ಬಗೆಯೂ ಇದೆ. ಯಾವುದಾದರೇನು, ರಂಧ್ರ ಕೂದಲಿಗಿಂತಲೂ ಸಣ್ಣದು. ಮನೆಯ ಯಂತ್ರಗಳ ಮಸಿಯಲ್ಲಿ ಬಹುಪಾಲು ನೀರು. ನೀರು ಆರುತ್ತದೆ.

ಲೇಸರಿನದು ಬೇರೆ ವಂಶ. ಅಮೆರಿಕದಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತ ಪೇಟೆಂಟ್ ಕಾಗದಪತ್ರಗಳ ಪ್ರತಿಗಳಿಗಾಗಿ ಪಡುತ್ತಿದ್ದ ಪಾಡಿನಿಂದ ಬೇಸತ್ತಿದ್ದ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದ ಬಾಡಿಗೆಯ ಕೋಣೆಯೊಂದರಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುತ್ತೇರಿಸಿ, ಅಕ್ಷರ ಬರೆದ ಗಾಜನ್ನಿಟ್ಟು ಬೆಳಕು ಬೀರಿ, ಒಂದು ಬಗೆಯ ಸಸ್ಯದ ಧೂಳನ್ನು ಮೇಲೆ ಉದುರಿಸಿದ. ಧೂಳು ಅಕ್ಷರವಿದ್ದಲ್ಲಿ ಮಾತ್ರ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಇಳಿಸಿಕೊಂಡ. ಮುಂದೆ ಈ ವಿದ್ಯೆಗಿಟ್ಟ ಗ್ರೀಕ್ ಹೆಸರಿನ ಅರ್ಥ 'ಒಣ ಬರಹ'. ನಮ್ಮ ಬೀದಿಬೀದಿಯ ಜೆರಾಕ್ಸ್ ಎಂಬ ಮಾತು ಅದರ ಕುಡಿ. ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರು 1969ರಲ್ಲಿ ಇದಕ್ಕೆ ಲೇಸರ್ ಕಿರಣವನ್ನು ಜೋಡಿಸಹೊರಟ. ಇಂದಿನ ಕಲರ್ ಲೇಸರಿನಲ್ಲಿ ನಾಲ್ಕು ಬಣ್ಣದ ಪ್ಲಾಸ್ಟಿಕ್ ಪುಡಿಯಿರುತ್ತದೆ. ಅದನ್ನು ಸುಮಾರು 200 ಡಿಗ್ರಿ ಶಾಖದಲ್ಲಿ ಕರಗಿಸಿ ಕಾಗದಕ್ಕೆ ಅಂಟಿಸುತ್ತಾರೆ. ಮೊದಲೇ ಒಣಗಿರುವ ವಸ್ತು ಇನ್ನೇನು ಒಣಗೀತು? ಎರಡು ತಿಂಗಳು ಬೀಗ ಹಾಕಿದ್ದರೂ ಕರೆದೊಡನೆ ಓಗೊಡುತ್ತದೆ.

ಆದ್ದರಿಂದ ಕೊಳ್ಳುವವನು ಮೊಟ್ಟಮೊದಲು ಕೇಳಿಕೊಳ್ಳಬೇಕಾದುದು ಯಾವುದರ ಅಚ್ಚು ಚೆಂದ ಎಂಬುದನ್ನಲ್ಲ. ನನ್ನ ಯಂತ್ರ ಎಷ್ಟು ದಿನ ಸುಮ್ಮನೆ ಕುಳಿತಿರುತ್ತದೆ ಎಂಬುದನ್ನು. ಅಂಗಡಿಯಾತ ಇದನ್ನು ಕೇಳುವುದಿಲ್ಲ. ಆತ ಯಂತ್ರದ ಬೆಲೆಯನ್ನು ಹೇಳುತ್ತಾನೆ; ನಾವು ತೆರುವುದು ಮಸಿಯ ಬೆಲೆಯನ್ನು. ಮಸಿಯ ಡಬ್ಬಿಗೆ 900 ರೂಪಾಯಿ, ಪುಟ 180 ಎಂದಿಟ್ಟುಕೊಳ್ಳಿ. ಪುಟಕ್ಕೆ 5 ರೂಪಾಯಿ ಬಿತ್ತು. ಅದೂ ಹಾಳೆಯ ನೂರರಲ್ಲಿ ಐದು ಪಾಲಿಗೆ ಮಾತ್ರ ಮಸಿ ತಗುಲುತ್ತದೆಂಬ ಲೆಕ್ಕದಲ್ಲಿ. ಮಗುವಿನ ಶಾಲೆಯ ಪಾಠಕ್ಕೆಂದು ಇಡೀ ಹಾಳೆಯ ನವಿಲನ್ನು ಅಚ್ಚು ಮಾಡಿದರೆ ಆ ಲೆಕ್ಕ ಗರಿಗೆದರಿ ಹಾರಿಹೋಗುತ್ತದೆ. ಈ ಸುಲಿಗೆಗೆ ಬೇಸತ್ತ ಜಾಣರು ಯಂತ್ರದ ಪಕ್ಕಕ್ಕೆ ಸೀಸೆ ಕಟ್ಟಿ ನಳಿಕೆ ಜೋಡಿಸುತ್ತಿದ್ದರು. 2010ರಲ್ಲಿ ಎಪ್ಸನ್ ಸಂಸ್ಥೆಯೇ ಇಂಡೋನೇಷ್ಯದಲ್ಲಿ ಮಸಿ ಸುರಿಯುವ ತೊಟ್ಟಿಯುಳ್ಳ ಯಂತ್ರವನ್ನು ಮಾರಾಟಕ್ಕೆ ತಂದಿತು. ಇಂದು ತೊಟ್ಟಿಯ ಯಂತ್ರಕ್ಕೆ ಮೊದಲ ಬೆಲೆ ಹೆಚ್ಚು, ಪುಟದ ಖರ್ಚು ತೀರ ಅಲ್ಪ.

ಲೇಸರಿನ ದೋಷಗಳನ್ನೂ ಮುಚ್ಚಿಡಲಾರೆ. ನಾಲ್ಕು ಬಣ್ಣದ ಪುಡಿಯನ್ನು ಒಟ್ಟಿಗೆ ಕೊಳ್ಳಹೊರಟರೆ ಹೊಸ ಯಂತ್ರವನ್ನೇ ಕೊಳ್ಳಬಹುದಿತ್ತಲ್ಲ ಎನ್ನಿಸುವುದುಂಟು. ಯಂತ್ರದೊಡನೆ ಬರುವ ಮೊದಲ ಡಬ್ಬಿಗಳು ಎಷ್ಟೋ ವೇಳೆ ಅರ್ಧಂಬರ್ಧ ತುಂಬಿದವು. ಶಾಖಕ್ಕಾಗಿ ವಿದ್ಯುತ್ತನ್ನು ಒಮ್ಮೆಲೆ ಹೀರುವುದರಿಂದ ಮನೆಯ ಸಣ್ಣ ಯು.ಪಿ.ಎಸ್. ಅದನ್ನು ತಾಳಲಾರದು, ಕರೆಂಟು ಹೋದರೆ ಕೈಕಟ್ಟಿ ಕೂರಬೇಕು. ಇನ್ನು ಮದುವೆಯ ಫೋಟೋದ ಮೈಬಣ್ಣ, ರೇಷ್ಮೆಯ ಮಿರುಗು ಇವೆಲ್ಲ ಮಸಿಗೆ ಒಲಿದಂತೆ ಪುಡಿಗೆ ಒಲಿಯವು. ಇಂಕ್‌ಜೆಟ್ಟಿನ ಹೊಳಪಿನ ಕಾಗದವನ್ನು ಲೇಸರಿಗೆ ಹಾಕುವ ಸಾಹಸವಂತೂ ಬೇಡವೇ ಬೇಡ. ಲೇಪ ಕರಗಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ.

ಕನ್ನಡ ಮೇಷ್ಟ್ರಾದ ನನಗೆ ಪಕ್ಷಪಾತವೊಂದಿದೆ, ಒಪ್ಪಿಕೊಳ್ಳುತ್ತೇನೆ. ಸಾಧಾರಣ ಕಾಗದದಲ್ಲಿ ಮಸಿ ತುಸು ಹರಡುತ್ತದೆ. ಇಂಗ್ಲಿಷಿಗೆ ಅದರಿಂದ ಅಷ್ಟು ನಷ್ಟವಿಲ್ಲ. ನಮ್ಮಲ್ಲಿ ಹಲವು ಮಹಾಪ್ರಾಣಗಳು ನಿಂತಿರುವುದು ಅಕ್ಷರದಡಿಯ ಒಂದು ಸಣ್ಣ ಸೀಳಿನ ಮೇಲೆ. ನನ್ನ ಹಳೆಯ ಯಂತ್ರ ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ 'ಧನ'ದ ಸೀಳನ್ನು ಮುಚ್ಚಿ 'ದನ'ವನ್ನಾಗಿಸಿತ್ತು. ಲೇಸರಿನಲ್ಲಿ ಒತ್ತಕ್ಷರದ ಕೊಂಡಿ ಕೂಡ ಕೊರೆದಿಟ್ಟಂತೆ ನಿಲ್ಲುತ್ತದೆ. ನೀರು ಸೋಕಿದರೂ ಕದಡದು.

ನಾನು ಲೇಸರನ್ನೇ ಕೊಂಡೆ. ತಿಂಗಳಿಗೆ ಹತ್ತಿಪ್ಪತ್ತು ಹಾಳೆ, ಅದೂ ಬಹುಮಟ್ಟಿಗೆ ಬರಹ. ಫೋಟೋ ಬೇಕಾದರೆ ಸ್ಟುಡಿಯೋ ಇದೆ. ಇಷ್ಟೆಲ್ಲ ಕೇಳಿದ ಮಿತ್ರರು, "ಹಾಗಾದರೆ ನನಗೂ ಅದೇ ಅನ್ನಿ" ಎಂದರು.

"ಬೇಡ. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಇಬ್ಬರು, ವಾರಕ್ಕೆರಡು ಪ್ರಾಜೆಕ್ಟು. ನಿಮಗೆ ತೊಟ್ಟಿಯ ಇಂಕ್‌ಜೆಟ್ಟೇ ಸರಿ. ಯಂತ್ರವನ್ನು ಅದರ ಗುಂಡಿಯಿಂದಲೇ ಆರಿಸಿ, ಗೋಡೆಯ ಸ್ವಿಚ್ಚಿನಿಂದಲ್ಲ. ಆಗ ರಂಧ್ರಗಳಿಗೆ ಮುಚ್ಚಳ ಬೀಳುತ್ತದೆ. ವಾರಕ್ಕೊಂದಾದರೂ ಬಣ್ಣದ ಹಾಳೆ ತೆಗೆಯಿರಿ" ಎಂದೆ.

"ಬೇಸಗೆಗೆ ಊರಿಗೆ ಹೋದಾಗ ಏನು ಮಾಡಲಿ ಸಾರ್?"

ನಾನು ಯೋಚಿಸುವಷ್ಟರಲ್ಲಿ ನನ್ನಾಕೆ ಕಾಫಿಯ ಲೋಟವನ್ನಿಡುತ್ತ ಹೇಳಿದಳು: "ತುಳಸಿಗೆ ನೀರು ಹಾಕಿ ಅಂತ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುತ್ತೀರಲ್ಲ, ಹಾಗೆಯೇ ಒಂದು ಹಾಳೆಯನ್ನೂ ತೆಗೆಯಲು ಹೇಳಿ."