ಮೋಟಾರು ಉರುವೂ ಪರಂಪರೆಯ ಮಡಿಯೂ

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಮರದ ಹಡಗು ಭಾರತೀಯ ನೌಕಾಪಡೆಗೆ ಸೇರಿತು. ಹೆಸರು ಕೌಂಡಿನ್ಯ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ ರೂಪಿಸಿದ್ದು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಎಂಜಿನ್ ಇಲ್ಲ, ಹಾಯಿಯೇ ಗತಿ. ಆ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ತಲುಪಿತು. ಕಟ್ಟಿದವರೂ ನಡೆಸಿದವರೂ ಹೊಗಳಿಕೆಗೆ ಅರ್ಹರು. ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಹಡಗಿನ ಬೆನ್ನಿಗೇ ಹೊರಟ ಮಾತುಗಳ ಬಗ್ಗೆ. ಇದೇ ನಮ್ಮ ಅಪ್ಪಟ ಪರಂಪರೆಯಂತೆ. ಕೋಝಿಕ್ಕೋಡಿನ ಪಕ್ಕದ ಬೇಪೂರಿನಲ್ಲಿ ಕೊಲ್ಲಿ ದೇಶಗಳ ಶ್ರೀಮಂತರಿಗಾಗಿ ಕಟ್ಟುವ ಉರು ಎಂಬ ಮರದ ಹಡಗು ಇದೆಯಲ್ಲ, ಡೀಸೆಲ್ ಎಂಜಿನ್ನು, ತಂಪು ಕೋಣೆಗಳು, ಮೆರುಗೆಣ್ಣೆ ಬಳಿದ ತೇಗದ ಹಲಗೆಗಳ ವಿಹಾರನೌಕೆ, ಅದು ಮಾತ್ರ ಬರೀ ವ್ಯಾಪಾರವಂತೆ. ಹಾಯಿ ಇದ್ದರೆ ಸಂಸ್ಕೃತಿ, ಮೋಟಾರು ಕೂತರೆ ಮೈಲಿಗೆ. ಪರಂಪರೆಗೂ ಮಡಿ ಉಡಿಸುವ ಚಾಳಿ ನಮಗೆ ಹೊಸದಲ್ಲ.

ಧಾರವಾಡದವರಿಗೆ ಹಡಗಿನ ಉಸಾಬರಿ ಯಾಕೆ ಎಂದು ಕೇಳುವವರುಂಟು. ಈ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರಿತ್ತು. ಬೆಳೆದದ್ದು ಇಲ್ಲಿ, ಹೆಸರು ಬಂದರಿನದು. ಎತ್ತು, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಸೇರುತ್ತಿದ್ದ ಆ ಹತ್ತಿ ಪತ್ತೇಮಾರಿಗಳೆಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ರೈತರೂ ದಲಾಲರೂ ಕಂಡ ದುಡ್ಡು ಇಂಥ ಹಡಗುಗಳನ್ನು ನೆಚ್ಚಿಯೇ ಬಂದದ್ದು. 1880ರ ದಶಕದಲ್ಲಿ ರೈಲು ಮರ್ಮಗೋವೆಗೆ ದಾರಿ ತೆರೆಯಿತು, ಕುಮಟಾ ಬಡವಾಯಿತು. ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪು ಬಂತು. ಅದರೊಂದಿಗೆ ‘ಖಲಾಸಿ’ ಎಂಬ ಹುದ್ದೆಯೂ ಬಂತು. ಹುಬ್ಬಳ್ಳಿಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಈ ಪದ ರೈಲಿಗೆ ಹತ್ತಿದ್ದು ಹಡಗಿನಿಂದ ಇಳಿದ ಮೇಲೆ. ಹಡಗಿನಲ್ಲಿ, ಹಡಗು ಕಟ್ಟುವ ಕಡೆ ಹಗ್ಗ ಜಗ್ಗಿ ಭಾರ ಎತ್ತುವವನು ಖಲಾಸಿ.

ಬೇಪೂರಿನಲ್ಲಿ ಆ ಪದ ಇನ್ನೂ ತನ್ನ ಮೂಲ ಕೆಲಸದಲ್ಲೇ ಇದೆ. ಅಲ್ಲಿಯ ಹಳೆಯ ಪದ್ಧತಿಯಲ್ಲಿ ಕಾಗದದ ಮೇಲೆ ನಕ್ಷೆ ಇರುವುದಿಲ್ಲ. ಮೇಸ್ತ್ರಿಯ ತಲೆಯಲ್ಲಿ ಇಡೀ ಹಡಗು ಇರುತ್ತದೆ. ಮೊದಲು ಹೊರಹಲಗೆಗಳನ್ನು ಜೋಡಿಸಿ, ಆಮೇಲೆ ಒಳಗಿನ ಪಕ್ಕೆಲುಬುಗಳನ್ನು ಕೂಡಿಸುತ್ತಾರೆ. ಸಂದುಗಳಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಾರೆ (ಹತ್ತಿ ಇಲ್ಲೂ ಬಂತು ನೋಡಿ). ಉಳಿ ಹಿಡಿದ ಬಡಗಿಗಳಲ್ಲಿ ಹಿಂದೂಗಳು ಬಹಳ. ಸಿದ್ಧವಾದ ಒಡಲನ್ನು ಉರುಳುಮರ, ಕಪ್ಪಿ, ಹಗ್ಗ, ಕೊರಳಿನ ಹಾಡು ಇಷ್ಟರಲ್ಲೇ ನೀರಿಗೆ ಇಳಿಸುವವರು ಮಾಪಿಳ್ಳೆ ಮುಸ್ಲಿಮರಾದ ಖಲಾಸಿಗಳು. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಐಲೆಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರದ ಪೆರುಮಣ್‌ನಲ್ಲಿ ಅಷ್ಟಮುಡಿ ಹಿನ್ನೀರಿಗೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ನೀರಿಗೆ ಬಿದ್ದ ಬೋಗಿಗಳನ್ನು ಎತ್ತಲು ಕರೆಸಿದ್ದು ಇದೇ ಖಲಾಸಿಗಳನ್ನು. ರೈಲು ಅವರ ಹೆಸರನ್ನು ತೆಗೆದುಕೊಂಡಿತ್ತು. ಆ ದಿನ ಅವರ ತೋಳನ್ನೂ ಕೇಳಿತು.

ಈಗ ಮೋಟಾರಿಗೆ ಬರೋಣ. ಉಗಿಹಡಗು, ರೈಲು, ಲಾರಿ ಬಂದು ಮರದ ಹಡಗಿನ ಸರಕು ಕಿತ್ತುಕೊಂಡಾಗ ಈ ಬಡಗಿಗಳನ್ನು ಉಳಿಸಿದ್ದು ಯಾವ ಅಕಾಡೆಮಿ? ಯಾವ ಸಂಸ್ಕೃತಿ ಇಲಾಖೆ? ಉರುವಿಗೆ ಎಂಜಿನ್ ಕೂಡಿಸಿಕೊಂಡು ಅವರು ಬದುಕಿದರು. ತೈಲದ ದುಡ್ಡು ಬಂದ ಮೇಲೆ ಕೊಲ್ಲಿಯವರಿಗೆ ತಮ್ಮ ಅಜ್ಜಂದಿರು ತೇಲಿದ ಆಕಾರದಲ್ಲೇ ಸುಖವಾಗಿ ಕೂರುವ ಆಸೆಯಾಯಿತು, ಬೇಪೂರಿಗೆ ಆರ್ಡರು ಬಂತು. ಶೋಕಿಯೇ ಇರಬಹುದು. ಆ ಶೋಕಿಯಿಂದ ಅಪ್ಪ ಕಲಿತದ್ದನ್ನು ಮಗ ಕಲಿತ. ಬಹಳ ಸಲ ಬೇಪೂರಿನಲ್ಲಿ ತಯಾರಾಗುವುದು ಒಡಲು ಮಾತ್ರ. ಎಂಜಿನ್ನೂ ಒಳಗಿನ ಅಲಂಕಾರವೂ ಕೊಲ್ಲಿಯಲ್ಲೇ ಆಗುತ್ತವೆ, ಅದರ ಲಾಭವೂ ಅಲ್ಲೇ ಉಳಿಯುತ್ತದೆ. ಆರ್ಡರು ಬಾರದ ವರ್ಷ ಇವರು ಬೇರೆ ಕೂಲಿ ಹುಡುಕಬೇಕು. ಪರಂಪರೆಯ ಬಗ್ಗೆ ಕಾಳಜಿ ಇದ್ದವರು ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ. ಕೇಳುವುದು ಮಾತ್ರ ಎಂಜಿನ್ ಇದೆಯೋ ಇಲ್ಲವೋ ಎಂದು.

ಕೌಂಡಿನ್ಯವನ್ನೇ ತೆಗೆದುಕೊಳ್ಳಿ. ಅಜಂತಾದ ಗೋಡೆಯಲ್ಲಿ ಹಡಗಿನ ಆಕಾರ ಸಿಕ್ಕೀತು, ಹೊಲಿಯುವ ಕೈ ಸಿಗುವುದಿಲ್ಲ. ಅದು ಸಿಕ್ಕಿದ್ದು ಕೇರಳದ ಬಾಬು ಶಂಕರನ್ ಎಂಬ ಹಿರಿಯ ಕಸುಬುದಾರರಲ್ಲಿ, ಅವರ ಸಂಗಡಿಗರಲ್ಲಿ. ಅದಕ್ಕೂ ಮುಂಚೆ, 1980ರಲ್ಲಿ, ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನ ಸೂರ್ ಪಟ್ಟಣದಲ್ಲಿ ‘ಸೋಹಾರ್’ ಎಂಬ ಹೊಲಿದ ಹಡಗು ಕಟ್ಟಿಸಿ ಚೀನಾದವರೆಗೆ ಹೋದನು. ಮರ ಹೋದದ್ದು ಮಲಬಾರಿನಿಂದ. ಹೊಲಿಯಲು ಹೋದವರು ಲಕ್ಷದ್ವೀಪದವರು, ಅಂದರೆ ಮುಸ್ಲಿಮರು. 2010ರಲ್ಲಿ ಒಮಾನಿನಿಂದ ಸಿಂಗಾಪುರಕ್ಕೆ ಹೋದ ‘ಜ್ಯುಯೆಲ್ ಆಫ್ ಮಸ್ಕತ್’ ಹೊಲಿದವರಲ್ಲೂ ಕೇರಳದ ಕೆಲಸಗಾರರಿದ್ದರು. ಪ್ರಾಚೀನ ಭಾರತದ್ದು ಎಂದು ನಾವು ಎದೆ ತಟ್ಟಿಕೊಳ್ಳುವ ವಿದ್ಯೆಯನ್ನು ದ್ವೀಪದ ಮುಸಲ್ಮಾನನೂ ಕರಾವಳಿಯ ಬಡಗಿಯೂ ಕಾಪಾಡಿಕೊಂಡು ಬಂದರು. ಅರಬರ ಹಣವೂ ಅದಕ್ಕೆ ಆಸರೆಯಾಯಿತು. ಈ ಹೊಲಿಗೆಯಲ್ಲಿ ಯಾವ ಎಳೆ ಯಾರದೆಂದು ಬಿಚ್ಚಲು ಹೊರಟರೆ ಹಡಗಿಗೆ ನೀರು ನುಗ್ಗುತ್ತದೆ.

ನಮ್ಮಲ್ಲಿ ಹಡಗಿನ ಚರಿತ್ರೆ ಎಂದರೆ ದೊರೆಗಳ ಚರಿತ್ರೆ. ಹೈದರಾಲಿಯ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿ ನಾಶ ಮಾಡಿದ. 1796ರಲ್ಲಿ ಟಿಪ್ಪು ಮತ್ತೆ ದೊಡ್ಡ ನೌಕಾಪಡೆಯ ಯೋಜನೆ ಹಾಕಿದ. ಈ ಹೆಸರುಗಳು ಬಂದ ಕೂಡಲೇ ಜಗಳ ಶುರುವಾಗುತ್ತದೆ. ಹೊಗಳುವವರೂ ತೆಗಳುವವರೂ ಆ ಹಡಗುಗಳನ್ನು ಕಟ್ಟಿದವರು ಯಾರೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಮುಂಬಯಿಯ ಪಾರ್ಸಿ ವಾಡಿಯಾಗಳು ಈ ವಿಷಯದಲ್ಲಿ ಪುಣ್ಯವಂತರು. ಅವರು 1817ರಲ್ಲಿ ತೇಗದಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ. ಕಟ್ಟಿಸಿದ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಹೆಸರು ಉಳಿದಿದೆ. ಅವರ ಕೈಕೆಳಗೆ ಉಳಿ ಬಡಿದವರ ಹೆಸರು ಅಲ್ಲೂ ಉಳಿದಿಲ್ಲ.

ನಮ್ಮ ಕರಾವಳಿಯಲ್ಲಿ ಮೀನುಗಾರರು ಫೈಬರ್ರಿಗೂ ಉಕ್ಕಿಗೂ ಹೋದರು. ಅವರನ್ನು ದೂರುವಂತಿಲ್ಲ, ಮರ ತುಟ್ಟಿ, ದುರಸ್ತಿ ತುಟ್ಟಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮರದ ಮಂಜಿಗಳು ಸರಕು ಹೊತ್ತು ಈಗಲೂ ಹೋಗುತ್ತವೆ. ಅವು ಮುಳುಗಿದಾಗ ಮಾತ್ರ ಸುದ್ದಿ.

ಕೌಂಡಿನ್ಯವನ್ನು ಬರಮಾಡಿಕೊಂಡ ಕಾರವಾರದ ಬೆನ್ನಿಗೇ ದಾಂಡೇಲಿಯ ತೇಗದ ಕಾಡಿದೆ. ಅಲ್ಲಿಯ ಡಿಪೋದಲ್ಲಿ ಹರಾಜಾಗುವ ಮರದಲ್ಲಿ ಒಂದು ಪಾಲನ್ನು ದೋಣಿ ಕಟ್ಟುವವರಿಗೆ ರಿಯಾಯಿತಿ ದರದಲ್ಲಿ ಕೊಡಲಿ. ಹಳೆಯ ಮೇಸ್ತ್ರಿಗಳ ಕೈಕೆಳಗೆ ಕಲಿಯುವ ಹುಡುಗರಿಗೆ ಐಟಿಐ ಹುಡುಗರಂತೆ ಸ್ಟೈಪೆಂಡು ಕೊಡಲಿ, ಪ್ರಮಾಣಪತ್ರ ಕೊಡಲಿ. ಧಾರವಾಡದ ವಿಶ್ವವಿದ್ಯಾಲಯ ಒಬ್ಬ ಸಂಶೋಧಕನನ್ನಾದರೂ ಘಟ್ಟದ ಕೆಳಗೆ ಕಳಿಸಿ, ಹಡಗಿನ ಒಂದೊಂದು ತುಂಡಿಗೂ ಅಲ್ಲಿಯ ಬಡಗಿಗಳು ಆಡುವ ಪದಗಳನ್ನು ಬರೆಸಿಕೊಳ್ಳಲಿ. ಪ್ರವಾಸೋದ್ಯಮ ಇಲಾಖೆ ಕಾಳಿ, ಶರಾವತಿ ನದಿಗಳ ಅಳಿವೆಗಳಲ್ಲಿ ಪ್ರವಾಸಿಗರನ್ನು ಕೂರಿಸಿ ತಿರುಗಿಸಲು ಒಂದೆರಡು ಮರದ ನೌಕೆಗಳನ್ನು ಈ ಕೈಗಳಿಗೇ ಆರ್ಡರು ಮಾಡಲಿ. ಮೋಟಾರು ಇರಲಿ, ಬೇಕಿದ್ದರೆ ತಂಪು ಕೋಣೆಯೂ ಇರಲಿ. ಉದ್ಘಾಟಿಸಿದ ಮಂತ್ರಿಯ ಹೆಸರಿನ ಕಲ್ಲನ್ನು ದಡದಲ್ಲಿ ನಿಲ್ಲಿಸಿಕೊಳ್ಳಲಿ. ನೌಕೆಯ ಹಲಗೆಯ ಮೇಲೆ ಮಾತ್ರ ಬಡಗಿಗಳ, ಖಲಾಸಿಗಳ ಹೆಸರು ಕೆತ್ತಿಸಲಿ, ಒಂದನ್ನೂ ಬಿಡದೆ.