ಗೋಡೆ ಸರಿಸುವ ಮುನ್ನ ಸಾಮಾನು ಸಾಗಿಸಿ

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ‘ಸಿ’ ಡ್ರೈವ್ ತುಂಬಿ ಅದರ ಗೆರೆ ಕೆಂಪು ಬಣ್ಣಕ್ಕೆ ತಿರುಗಿರಬಹುದು. ಪಕ್ಕದ ‘ಡಿ’ ಡ್ರೈವ್‌ನಲ್ಲಿ ಮಾತ್ರ ಧಾರಾಳ ಜಾಗ ಉಳಿದಿರುತ್ತದೆ. ಅಲ್ಲಿಂದ ಸ್ವಲ್ಪ ಇಲ್ಲಿಗೆ ಕೊಡಬಾರದೇ ಎಂದು ಅನಿಸುವುದು ಸಹಜ. ಕೊಡಬಹುದು. ಆದರೆ ಅದಕ್ಕೊಂದು ಕ್ರಮವಿದೆ.

ಸಿ, ಡಿ ಎಂಬವು ಹೆಚ್ಚಾಗಿ ಎರಡು ಬೇರೆ ಡಿಸ್ಕ್‌ಗಳಲ್ಲ. ಒಂದೇ ಹಾರ್ಡ್ ಡಿಸ್ಕಿನ ನಡುವೆ ಗೋಡೆ ಕಟ್ಟಿ ಮಾಡಿದ ಎರಡು ಕೋಣೆಗಳು. ಇವಕ್ಕೆ ಪಾರ್ಟಿಷನ್ ಎನ್ನುತ್ತಾರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ‘ಸಿ’ಯ ಗೋಡೆ ಸರಿಸಲು ಬೇರೆ ತಂತ್ರಾಂಶ ಬೇಕಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದ ನಂತರ ಈ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ಕುಗ್ಗಿಸಲು ‘ಶ್ರಿಂಕ್’, ಹಿಗ್ಗಿಸಲು ‘ಎಕ್ಸ್‌ಟೆಂಡ್’ ಎಂಬ ಆಯ್ಕೆಗಳು ಸಿಗುತ್ತವೆ. ಅಳತೆಯನ್ನು ಎಂಬಿಯಲ್ಲಿ ಕೊಡಬೇಕು. 50 ಜಿಬಿ ಎಂದರೆ 51,200 ಎಂಬಿ.

ಅನೇಕರು ಎಡವುವುದು ಇಲ್ಲಿಯೇ. ‘ಡಿ’ಯನ್ನು ಕುಗ್ಗಿಸುತ್ತಾರೆ. ಆದರೂ ‘ಸಿ’ಯ ಎಕ್ಸ್‌ಟೆಂಡ್ ಆಯ್ಕೆ ಮಸುಕಾಗಿಯೇ ಇರುತ್ತದೆ. ಕಾರಣ ಸರಳ. ಕುಗ್ಗಿಸಿದಾಗ ಜಾಗ ತೆರವಾಗುವುದು ‘ಡಿ’ಯ ಕೊನೆಯಲ್ಲಿ. ‘ಸಿ’ಗೆ ಬೇಕಾದುದು ತನ್ನ ಬಲ ಮಗ್ಗುಲಿಗೇ ತಾಗಿದ ಖಾಲಿ ಜಾಗ. ನಡುವೆ ‘ಡಿ’ ಅಡ್ಡ ನಿಂತಿದೆ.

ಆದ್ದರಿಂದ ಮೊದಲು ‘ಡಿ’ಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿರಿ. ಅಲ್ಲಿಂದಲೇ ಕೆಲವು ಕಡತಗಳನ್ನು ತೆರೆದು ಪರೀಕ್ಷಿಸಿರಿ. ಆ ಬಳಿಕವೇ ‘ಡಿ’ಯನ್ನು ಅಳಿಸಿ, ‘ಸಿ’ಯನ್ನು ಬೇಕಾದಷ್ಟು ಹಿಗ್ಗಿಸಿ, ಉಳಿದ ಜಾಗವನ್ನು ಹೊಸ ‘ಡಿ’ಯಾಗಿ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಬಹುದು. ನಡುವೆ ‘ರಿಕವರಿ’ ಎಂಬ ಪುಟ್ಟ ಪಾರ್ಟಿಷನ್ ಕಂಡರೆ ಅದನ್ನು ಮುಟ್ಟಬೇಡಿ. ಬಲ್ಲವರನ್ನು ಕೇಳಿರಿ.

ಫಾರ್ಮ್ಯಾಟ್ ಬಗ್ಗೆಯೂ ಒಂದು ಮಾತು. ‘ಕ್ವಿಕ್ ಫಾರ್ಮ್ಯಾಟ್’ ಎಂದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ. ಹಾರ್ಡ್ ಡಿಸ್ಕಿನಲ್ಲಿ ಪುಟಗಳು ಹಾಗೆಯೇ ಉಳಿದಿರುತ್ತವೆ. ಕೈತಪ್ಪಿ ಫಾರ್ಮ್ಯಾಟ್ ಆಗಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯದೆ ತಜ್ಞರ ಬಳಿಗೆ ಒಯ್ಯಿರಿ, ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಭರವಸೆ ತೀರಾ ಕಡಿಮೆ.

ಇದರ ಇನ್ನೊಂದು ಮುಖವೂ ಇದೆ. ಹಳೆಯ ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿ ಮಾರಿದರೆ ನಿಮ್ಮ ಮನೆಯವರ ಫೋಟೋಗಳು, ಬ್ಯಾಂಕಿನ ಕಾಗದಗಳು ಅಪರಿಚಿತರ ಕೈ ಸೇರಬಹುದು. ಮಾರುವ ಮುನ್ನ ‘ಕ್ವಿಕ್’ ಎಂಬಲ್ಲಿನ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿರಿ. ಗಂಟೆಗಟ್ಟಲೆ ಹಿಡಿದರೂ ಸರಿ, ಅದು ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ವಿಂಡೋಸ್ ಇರುವ ‘ಸಿ’ಯನ್ನು ಹೀಗೆ ಅಳಿಸಲಾಗದು. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ‘ರಿಸೆಟ್’ ಆಯ್ಕೆಯಿದೆ. ಅದರಲ್ಲಿ ‘ಕ್ಲೀನ್ ಡೇಟಾ’ ಎಂಬುದನ್ನೂ ಆರಿಸಿರಿ.

ಕೊನೆಯದಾಗಿ, ‘ಸಿ’ಯಲ್ಲಿರುವುದನ್ನು ‘ಡಿ’ಯಲ್ಲೂ ಇಟ್ಟಿದ್ದೇವೆ ಎಂದು ನೆಮ್ಮದಿಯಿಂದಿರಬೇಡಿ. ಡಿಸ್ಕ್ ಕೆಟ್ಟರೆ ಎರಡು ಕೋಣೆಗಳೂ ಒಟ್ಟಿಗೇ ಹೋಗುತ್ತವೆ. ತೀರಿಹೋದ ಹಿರಿಯರ ಧ್ವನಿ, ಮಕ್ಕಳ ಬಾಲ್ಯದ ಚಿತ್ರಗಳು ಅಂಗಡಿಯಲ್ಲಿ ಸಿಗುವ ವಸ್ತುಗಳಲ್ಲ. ಅವುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.